ಹರಿಹರದ ಸೇತುವೆ, ನಮ್ಮೂರ ಮೋರಿ

ಬೆಳಿಗ್ಗೆ ಆರೂವರೆ. ಹರಿಹರದಲ್ಲಿ ತುಂಗಭದ್ರೆ ದಡದಲ್ಲಿ ನಿಂತಿದ್ದೇನೆ. ಎದುರಿಗಿರುವುದು 1868ರಲ್ಲಿ ಮುಗಿದ ಹಳೇ ಸೇತುವೆ. ಕಲ್ಲು, ಇಟ್ಟಿಗೆಯ ಕೆಲಸ. 14 ಕಮಾನು, ಒಂದೊಂದೂ 60 ಅಡಿ ಅಗಲ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದಾರಿ ಆಗ ಇದರ ಮೇಲೇ ಇತ್ತು. ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಪ್ರತಿ ಸಲ ಕಣ್ಣು ಕೀಳೋಕೆ ಆಗಲ್ಲ.

ಕಮಾನಿಗೆ ಕಂಬಿ ಬೇಕಿಲ್ಲ. ಒಂದು ಕಲ್ಲು ಪಕ್ಕದ್ದನ್ನು ಒತ್ತುತ್ತದೆ, ಅದು ಮುಂದಿನದನ್ನು. ಹಾಗೇ ಭಾರ ಕಂಬಕ್ಕೆ ಇಳಿಯುತ್ತದೆ. ಹೆದರಬೇಕಾದದ್ದು ನೀರಿಗೆ. ಸಂದಿನಲ್ಲಿ ನಿಲ್ಲುವ ನೀರಿಗೆ, ಬುಡದ ಮಣ್ಣು ಕೊರೆಯುವ ಹೊಳೆ ನೀರಿಗೆ.

ಅದನ್ನು ಹತ್ತಿರದಿಂದ ತೋರಿಸುತ್ತೇನೆ, ನಮ್ಮೂರಿಗೆ ಬನ್ನಿ. ಹಳ್ಳದ ಮೇಲೆ ಒಂದೇ ಕಮಾನಿನ ಕಲ್ಲು ಮೋರಿ. ಕೆಲವು ವರ್ಷದ ಹಿಂದೆ ಯಾರೋ ಸಂದಿಗೆಲ್ಲ ಸಿಮೆಂಟು ಮೆತ್ತಿಹೋದರು. ನೋಡಿ, ಸಿಮೆಂಟು ಹಾಗೇ ಗಟ್ಟಿಯಾಗಿದೆ, ಅಕ್ಕಪಕ್ಕದ ಕಲ್ಲಿನ ಅಂಚು ಮಾತ್ರ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಉಗುರು ತಾಗಿಸಿದರೆ ಪುಡಿ ಬರುತ್ತದೆ. ಹಳೇ ಕಾಲದವರು ಸಂದಿಗೆ ತುಂಬುತ್ತಿದ್ದ ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಒಳಗಿನ ತೇವ ಅದರ ಮೂಲಕ ಆರಿಹೋಗುತ್ತದೆ. ಸವೆದರೆ ಗಾರೆ ಸವೆಯುತ್ತದೆ, ಮತ್ತೆ ತುಂಬಬಹುದು. ಸಿಮೆಂಟು ಹಾಕಿದರೆ ಆ ತೇವ ಕಲ್ಲಿನಿಂದಲೇ ದಾರಿ ಹುಡುಕಬೇಕು, ಅಲ್ವಾ? ಕಲ್ಲು ಹೋದರೆ ಎಲ್ಲಿಂದ ತರೋದು?

ಕಮಾನಿನ ನೆತ್ತಿಯ ಹತ್ತಿರ ಬೆರಳು ದಪ್ಪದ ಅರಳಿ ಗಿಡ ಬಂದಿತ್ತು. ನಾನು ಕೈ ಹಾಕಿದೆ. ಜೊತೆಗೆ ಬಂದಿದ್ದ ಗಾರೆ ಕೆಲಸದ ಅಜ್ಜ ತಡೆದರು. "ಕೀಳಬ್ಯಾಡ ತಮ್ಮಾ, ಬೇರಿನ ಜೊತೆ ಕಲ್ಲೂ ಬರ್ತೈತಿ." ಬುಡಕ್ಕೆ ಕೊಯ್ದು, ಬೇರು ಸಾಯಿಸಿ, ಆಮೇಲೆ ಸಂದು ತುಂಬಬೇಕಂತೆ. ಹೊಸ ಗಾರೆ ಬೇಗ ಒಣಗಬಾರದು, ಒದ್ದೆ ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸಬೇಕು.

ಇನ್ನೊಂದು, ರಸ್ತೆ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಮತ್ತೆ ಮತ್ತೆ ಹಾಕುತ್ತಾರೆ. ಮೋರಿಗೆ ಸುಮ್ನೆ ಭಾರ ಜಾಸ್ತಿ. ಮೊದಲು ಸೊಂಟದೆತ್ತರ ಇದ್ದ ತಡೆಗೋಡೆ ಈಗ ಮಂಡಿಗೆ ಬಂದಿದೆ. ನೀರು ಹೋಗುವ ತೂತುಗಳೂ ಮುಚ್ಚಿವೆ.

ಸಿಮೆಂಟು ತೆಗೆಯುವುದು ನುರಿತವರ ಕೆಲಸ, ಅದಕ್ಕೆ ಪಂಚಾಯ್ತಿಗೆ ಅರ್ಜಿ ಬರೆದಿದ್ದೇನೆ. ತೂತು ಬಿಡಿಸೋಕೆ ಅರ್ಜಿ ಯಾಕೆ? ಅಜ್ಜ, ನಾನು ಸೇರಿ ಮಧ್ಯಾಹ್ನದೊಳಗೆ ಎರಡನ್ನು ಬಿಡಿಸಿದೆವು. ಒಂದರಿಂದ ಆಗಲೇ ಕೆಂಪು ನೀರು ತೊಟ್ಟಿಕ್ಕುತ್ತಿದೆ, ನೋಡಿ.