ಸಡಿಲಾದ ನಟ್ ಬಿಗಿ ಮಾಡಿದ್ರೆ ರಿಪೇರಿ ಆಯ್ತು ಅಂತ ಅಲ್ಲ

ನಮಸ್ಕಾರ. ಹಂಪ್ ಮೇಲೆ ನಿಧಾನ ಹತ್ತಿಸುವಾಗ ಮುಂದಿನಿಂದ ಒಂದು ಟಕ್. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತುವಾಗ ಹಿಂದಿನಿಂದ ಇನ್ನೊಂದು ಟಕ್. ಕಾಯಿಲೋವರ್ (ಎತ್ತರ ಹೊಂದಿಸುವ ಸ್ಪ್ರಿಂಗ್-ಶಾಕ್ ಜೋಡಿ), ಕ್ಯಾಂಬರ್ ಪ್ಲೇಟ್ (ಚಕ್ರದ ವಾಲು ಹೊಂದಿಸುವ ತಟ್ಟೆ), ಅಡ್ಜಸ್ಟೇಬಲ್ ಟೋ ಲಿಂಕ್ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದನ್ನು, ಅಂದ್ರೆ ಟೋವನ್ನು, ಹೊಂದಿಸುವ ಸರಳು) ಎಲ್ಲ ಹಾಕಿದ ಕಾರಿನಲ್ಲಿ ಈ ಶಬ್ದ ಬಂದ್ರೆ ಹೆಚ್ಚಿನವರು ಎಂತ ಮಾಡ್ತಾರೆ? ಕಾರು ಎತ್ತುವುದು, ಲೂಸ್ ಆದ ನಟ್ ಹುಡುಕುವುದು, ಕೈ ನೋಯುವವರೆಗೆ ಎಳೆಯುವುದು, ಇಳಿಸುವುದು. ಮುಂದಿನ ಸಲ ಟ್ರ್ಯಾಕಿಗೆ ಹೋದಾಗ ಅದೇ ನಟ್ ಮತ್ತೆ ಲೂಸ್. ಆಗ ಇನ್ನೂ ಜೋರು ಎಳೆಯುವುದು. ಮಾರಾಯ್ರೆ, ನಟ್ ಎಂತಕ್ಕೆ ಸಡಿಲಾಯ್ತು ಅಂತ ನೋಡದೆ ಅದನ್ನು ಬಿಗಿ ಮಾಡುವುದು ರಿಪೇರಿ ಅಲ್ಲ. ಅದೇ ತಪ್ಪಿಗೆ ಇನ್ನೊಂದು ಅವಕಾಶ ಕೊಡುವುದು.

ಬೋಲ್ಟ್ ಅಂದ್ರೆ ಒಂದು ಗಟ್ಟಿ ಸ್ಪ್ರಿಂಗ್. ನಾವು ತಿರುಗಿಸಿದಾಗ ಅದು ಕೂದಲೆಳೆಯಷ್ಟು ಉದ್ದ ಆಗ್ತದೆ, ವಾಪಸ್ ಕುಗ್ಲಿಕ್ಕೆ ನೋಡ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ತಲೆಯ ಅಡಿಯ ಘರ್ಷಣೆಗೂ ಥ್ರೆಡ್ಡಿನ ಘರ್ಷಣೆಗೂ ಹೋಗ್ತದೆ. ಎಳೆತಕ್ಕೆ ಸಿಗುವುದು ಹತ್ತರಷ್ಟು. ಹಾಗಾಗಿ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು (ತಿರುಗಿಸುವ ಬಲವನ್ನು) ಎಣ್ಣೆ ಹಾಕಿದ ಥ್ರೆಡ್ಡಿಗೆ ಕೊಟ್ರೆ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಎಳೆದುಹೋಗ್ತದೆ. ತೆಂಗಿನೆಣ್ಣೆ ನಮ್ಮ ಕಾಸರಗೋಡಿನಲ್ಲಿ ಎಲ್ಲದಕ್ಕೂ ಮದ್ದು, ಸರಿ. ತಲೆಗೆ ಹಾಕಿ, ಥ್ರೆಡ್ಡಿಗೆ ಬೇಡ.

ಇನ್ನು ನಟ್ ತನ್ನಷ್ಟಕ್ಕೆ ಬಿಚ್ಚಿಕೊಳ್ಳುವುದು ಮೇಲೆ ಕೆಳಗೆ ನಡುಗುವುದರಿಂದ ಅಲ್ಲ. ಒತ್ತಿ ಹಿಡಿದ ಎರಡು ಭಾಗಗಳು ಅಡ್ಡಕ್ಕೆ ಒಂದಿಷ್ಟು ಜಾರಿದ್ರೆ ಸಾಕು, ಥ್ರೆಡ್ಡಿನ ಹಿಡಿತ ಆ ಕ್ಷಣಕ್ಕೆ ತಪ್ಪುತ್ತದೆ, ಪ್ರತಿ ಸಲ ಜಾರಿದಾಗ ನಟ್ ಕೂದಲಷ್ಟು ಹಿಂದೆ ಸರಿಯುತ್ತದೆ. ಗೆರ್ಹಾರ್ಡ್ ಯುಂಕರ್ ಎನ್ನುವ ಜರ್ಮನ್ ಎಂಜಿನಿಯರ್ 1969ರಲ್ಲೇ ಇದನ್ನು ಮೆಷಿನಿನಲ್ಲಿ ತೋರಿಸಿದ್ದಾರೆ. ಆ ಪರೀಕ್ಷೆಯಲ್ಲಿ ಸಾಮಾನ್ಯ ಸ್ಪ್ರಿಂಗ್ ವಾಷರ್, ಅದೇ ಒಂದು ಕಡೆ ಸೀಳಿದ್ದು, ಯಾವ ಕೆಲಸಕ್ಕೂ ಬರುವುದಿಲ್ಲ. ಆದ್ರೂ ಇವತ್ತಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ "ಲೂಸ್ ಆಗ್ತದೆ" ಅಂದ್ರೆ ಮೊದಲು ಕೈಗೆ ಕೊಡುವುದು ಅದನ್ನೇ.

ಈಗ ಈ ಟೋ ಲಿಂಕ್ ನೋಡಿ. ಕ್ಯಾಮೆರಾ ಸ್ವಲ್ಪ ಹತ್ತಿರ. ನಡುವೆ ಷಡ್ಭುಜದ ಅಲ್ಯೂಮಿನಿಯಂ ಸರಳು, ಎರಡು ತುದಿಯಲ್ಲಿ ರಾಡ್ ಎಂಡ್ (ಕಣ್ಣಿನೊಳಗೆ ಗೋಲ ಕೂತ ಕೀಲು), ಒಂದು ಕಡೆ ಬಲ ಥ್ರೆಡ್, ಇನ್ನೊಂದು ಕಡೆ ಎಡ ಥ್ರೆಡ್ (ಉಲ್ಟಾ ತಿರುಗಿಸಿ ಬಿಗಿಯುವುದು). ಸರಳು ತಿರುಗದ ಹಾಗೆ ಒತ್ತಿ ಹಿಡಿಯುವ ಜಾಮ್ ನಟ್ ಸಡಿಲ್ಸಿ ಸರಳು ತಿರುಗಿಸಿದ್ರೆ ಎರಡೂ ಕಡೆ ಒಟ್ಟಿಗೆ ಉದ್ದ ಆಗ್ತದೆ. ಪಿಚ್, ಅಂದ್ರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ, 1.5 ಮಿ.ಮೀ. ಇದ್ದರೆ ಒಂದು ಸುತ್ತಿಗೆ 3 ಮಿ.ಮೀ., ಷಡ್ಭುಜದ ಒಂದು ಮುಖ ತಿರುಗಿದ್ರೆ ಅರ್ಧ ಮಿ.ಮೀ. ಚಕ್ರ ತಿರುಗುವ ಕೇಂದ್ರದಿಂದ ಈ ಲಿಂಕ್ 140 ಮಿ.ಮೀ. ದೂರದಲ್ಲಿ ಉಂಟು ಅಂತ ಇಟ್ಕೊಳ್ಳಿ, ಆ ಅರ್ಧ ಮಿ.ಮೀ. ಅಂದ್ರೆ 0.2 ಡಿಗ್ರಿ ಟೋ. ಹಿಂದಿನ ಒಂದೊಂದು ಚಕ್ರಕ್ಕೆ ನಾವು ಕೊಡುವ ಟೋ-ಇನ್ನೇ (ಮೂತಿ ಒಳಗೆ ತಿರುಗಿರುವುದು) ಹೆಚ್ಚಾಗಿ 0.1ರಿಂದ 0.2. ಅಂದ್ರೆ ಜಾಮ್ ನಟ್ ಸಡಿಲಾಗಿ ಸರಳು ಒಂದೇ ಒಂದು ಮುಖ ತಪ್ಪು ಕಡೆ ತಿರುಗಿದ್ರೆ ಅಷ್ಟೂ ಟೋ-ಇನ್ ಹೋಯ್ತು. ಜೋರಾಗಿ ಬ್ರೇಕ್ ಹಿಡಿದಾಗ ಕಾರಿನ ಹಿಂಭಾಗ ಹಾವಿನ ಹಾಗೆ ಆಡ್ತದೆ. ಡ್ರೈವರ್ ಟಯರನ್ನು ಬೈತಾನೆ.

ಈ ಜಾಮ್ ನಟ್ ಬಿಡುವುದಕ್ಕೆ ಹೆಚ್ಚಾಗಿ ಕಾರಣ ಅದರ ಬಿಗಿ ಅಲ್ಲ, ರಾಡ್ ಎಂಡ್ ಕೂತ ಕೋನ. ಇದನ್ನು ಯಾರೂ ನೋಡುವುದಿಲ್ಲ. ಜಾಮ್ ನಟ್ ಎಳೆಯುವಾಗ ಅದು ರಾಡ್ ಎಂಡನ್ನೂ ತನ್ನ ಜೊತೆ ತಿರುಗಿಸ್ತದೆ, ಅದರ ಕಣ್ಣು ಬ್ರಾಕೆಟ್ಟಿನ ಒಂದು ಬದಿಗೆ ವಾಲಿ ನಿಲ್ಲುತ್ತದೆ. ಗೋಲಕ್ಕೆ ಆಡ್ಲಿಕ್ಕೆ ಜಾಗ ಆ ಬದಿಗೆ ಮುಗಿದಿದೆ. ಕಾರಿನ ಸಸ್ಪೆನ್ಶನ್ ಮೇಲೆ ಕೆಳಗೆ ಹೋದ ಹಾಗೆ ಕಣ್ಣಿನ ಹೊರಗೂಡು ಬ್ರಾಕೆಟ್ಟಿಗೆ ತಾಗಿ ಇಡೀ ಲಿಂಕನ್ನು ತಿರುಚುತ್ತದೆ. ಒಂದು ಲ್ಯಾಪಿಗೆ ಎಷ್ಟೋ ಸಲ. ಎಷ್ಟು ಟಾರ್ಕ್ ಕೊಟ್ರೂ ಆ ನಟ್ ನಿಲ್ಲುವುದಿಲ್ಲ. ಸರಿ ಮಾಡುವ ಕ್ರಮ ಹೀಗೆ: ಕಾರು ತನ್ನ ಭಾರದಲ್ಲಿ ನಿಂತಿರಬೇಕು. ಎರಡೂ ಕಣ್ಣುಗಳನ್ನು ಅವುಗಳ ಬ್ರಾಕೆಟ್ಟಿಗೆ ಸಮವಾಗಿ ನಿಲ್ಲಿಸಿ. ರಾಡ್ ಎಂಡನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಸರಳನ್ನು ಇನ್ನೊಂದರಲ್ಲಿ ಹಿಡಿದು, ಮೂರನೆಯದರಲ್ಲಿ ಜಾಮ್ ನಟ್ ಎಳೆಯಿರಿ. ಹೌದು, ಮೂರು ಸ್ಪ್ಯಾನರ್, ಇಬ್ಬರು ಜನ. ಮುಗಿದ ಮೇಲೆ ಸರಳನ್ನು ಕೈಯಲ್ಲಿ ಹಿಡಿದು ಅದರ ಅಕ್ಷದ ಸುತ್ತ ಅತ್ತಿತ್ತ ಅಲುಗಿಸಿ. ಎರಡೂ ದಿಕ್ಕಿಗೆ ಸಮ ಅಲುಗಾಟ ಸಿಕ್ಕಿದ್ರೆ ಸರಿ. ಒಂದೇ ದಿಕ್ಕಿಗೆ ಸಿಕ್ಕಿದ್ರೆ ಬಿಚ್ಚಿ, ಮತ್ತೆ ಮಾಡಿ.

ಇನ್ನೊಂದು, ರಾಡ್ ಎಂಡ್ ಒಳಗೆ ಎಷ್ಟು ಹೋಗಿದೆ ಅಂತ. ಅಲ್ಯೂಮಿನಿಯಂ ಸರಳಾದ್ರೆ ಥ್ರೆಡ್ಡಿನ ವ್ಯಾಸದ ಒಂದೂವರೆ ಪಟ್ಟು ಒಳಗೆ ಇರಬೇಕು, 12 ಮಿ.ಮೀ. ಥ್ರೆಡ್ಡಿಗೆ 18 ಮಿ.ಮೀ. ಸರಳಿನಲ್ಲಿ ಸಣ್ಣ ತೂತು ಕೊಟ್ಟಿದ್ರೆ ಅದರೊಳಗೆ ತಂತಿ ತೂರಿಸಿ ನೋಡಿ, ಥ್ರೆಡ್ ತಾಗಬೇಕು. ರಾಡ್ ಎಂಡ್ ಒಂದೇ ಬದಿಯ ಬ್ರಾಕೆಟ್ಟಿನಲ್ಲಿ ನೇತಾಡುವುದಾದ್ರೆ ಹೊರಗೆ ದೊಡ್ಡ ವಾಷರ್ ಹಾಕದೆ ಬಿಡಬೇಡಿ. ಗೋಲ ಕಿತ್ತು ಬಂದ್ರೂ ಲಿಂಕ್ ಬೋಲ್ಟಿನಿಂದ ಕಳಚಬಾರದು.

ಕ್ಯಾಂಬರ್ ಪ್ಲೇಟಿನ ಕಥೆ ಬೇರೆ. ಅಲ್ಲಿ ಉದ್ದ ತೂತು, ಅದರ ಮೇಲೆ ಬೋಲ್ಟ್. ಅಡ್ಡಕ್ಕೆ ಜಾರದೆ ಹಿಡಿಯುವುದು ಒತ್ತಡ ಮತ್ತು ಘರ್ಷಣೆ ಮಾತ್ರ, ಬೇರೆ ಯಾವ ಅಡ್ಡಗೋಡೆಯೂ ಇಲ್ಲ. ಸ್ಟ್ರಟ್ಟನ್ನು (ಶಾಕ್ ಇರುವ ಕಂಬ) ನಕಲ್ಲಿಗೆ (ಚಕ್ರ ಹೊರುವ ಭಾಗ) ಹಿಡಿಯುವ ಕ್ಯಾಂಬರ್ ಬೋಲ್ಟಿಗೂ, ಹಿಂದಿನ ತೋಳಿನ ಎಕ್ಸೆಂಟ್ರಿಕ್ ಬೋಲ್ಟಿಗೂ (ತಿರುಗಿಸಿದ್ರೆ ತೋಳನ್ನು ಆಚೀಚೆ ಸರಿಸುವುದು) ಇದೇ ಹಣೆಬರಹ. ಸ್ಟಿಕ್ಕಿ ಟಯರ್ ಹಾಕಿ ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿಸಿದ್ರೆ ಜಾರ್ತದೆ. ಅದರ ಮೇಲೆ ಹೊಸ ಕಿಟ್ಟಿನ ದಪ್ಪ ಪೌಡರ್ ಕೋಟಿಂಗ್. ಚೆಂದ ಕಾಣ್ತದೆ, ನಿಜ. ಆದ್ರೆ ಬೋಲ್ಟಿನ ಅಡಿಯಲ್ಲಿ ಆ ಪೈಂಟ್ ಬಿಸಿಗೆ ಮೆಲ್ಲ ತೆಳ್ಳಗಾಗ್ತದೆ, ಬೋಲ್ಟಿನ ಎಳೆತ ಅಷ್ಟೂ ಕಮ್ಮಿ ಆಗ್ತದೆ, ನಟ್ ಒಂದು ಕೂದಲೂ ತಿರುಗದೆ. ವಾಷರ್ ಕೂರುವಲ್ಲಿ, ಪ್ಲೇಟು ಪ್ಲೇಟಿಗೆ ತಾಗುವಲ್ಲಿ ಪೈಂಟ್ ಕೆರೆದು ಲೋಹ ತೋರುವ ಹಾಗೆ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನ ಅಂಚಿಗೆ ಮೇಣದ ಸ್ಪ್ರೇ ಹೊಡೆಯಿರಿ. ಇಲ್ಲದಿದ್ರೆ ನಮ್ಮ ಕಡಲಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು. ಎಕ್ಸೆಂಟ್ರಿಕ್ ಬೋಲ್ಟಿನ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟೇ: ಟ್ರ್ಯಾಕಿಗೆ ನಿತ್ಯ ಹೋಗುವ ಕಾರಾದ್ರೆ ಅದನ್ನು ತೆಗೆದು ಲಾಕ್‌ಔಟ್ ಪ್ಲೇಟ್ (ಬೋಲ್ಟ್ ಸರಿಯದ ಹಾಗೆ ಹಿಡಿಯುವ ತಟ್ಟೆ) ಹಾಕಿ, ಅಡ್ಜಸ್ಟ್‌ಮೆಂಟನ್ನು ಲಿಂಕಿನ ಉದ್ದದಲ್ಲೇ ಮಾಡಿ.

ಯಕ್ಷಗಾನದಲ್ಲಿ ಚೆಂಡೆಯವರು ಆಟ ಸುರುವಾಗುವ ಮೊದಲು ಹಗ್ಗ ಬಿಗಿ ಮಾಡ್ತಾರೆ, ರಾತ್ರಿ ನಡುವೆ ಮತ್ತೆ ನೋಡ್ತಾರೆ. ಗಂಟು ಬಿಚ್ಚಿದ್ದಕ್ಕೆ ಅಲ್ಲ, ಚರ್ಮ, ಹಗ್ಗ ಸಾಗಿದ್ದಕ್ಕೆ. ಹೊಸದಾಗಿ ಜೋಡಿಸಿದ ಸಸ್ಪೆನ್ಶನ್ನೂ ಹಾಗೇ. ಮೊದಲ ಸೆಷನ್ ಮುಗಿದು ತಣಿದ ಮೇಲೆ ಒಮ್ಮೆ ಟಾರ್ಕ್ ರೆಂಚ್ ಹಾಕಿ ನೋಡ್ಲೇ ಬೇಕು. ಪೈಂಟ್ ಮಾರ್ಕರಿನ ಗೆರೆ ಇದನ್ನು ಹಿಡಿಯುವುದಿಲ್ಲ. ಅದು ನಟ್ ತಿರುಗಿದ್ರೆ ಮಾತ್ರ ಹೇಳ್ತದೆ.

ಹಾಗಂತ ಗೆರೆ ಬೇಡ ಅಂತ ಅಲ್ಲ. ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ನಟ್ಟಿನಿಂದ ವಾಷರ್ ಮೇಲಾಗಿ ಬ್ರಾಕೆಟ್ಟಿನವರೆಗೆ ಒಂದೇ ಗೆರೆ ಎಳೆಯಿರಿ. ಬೋಲ್ಟಿನ ತುದಿಗೂ ಎಳೆಯಿರಿ, ನಟ್ ಮತ್ತು ಬೋಲ್ಟ್ ಒಟ್ಟಿಗೆ ತಿರುಗಿದ್ರೆ ಗೊತ್ತಾಗ್ಲಿಕ್ಕೆ. ಎಡ ಥ್ರೆಡ್ ಇರುವಲ್ಲಿ ಬೇರೆ ಬಣ್ಣ ಹಾಕಿದ್ರೆ ಬೆವರು ಸುರಿಯುವ ಮಧ್ಯಾಹ್ನ ತಪ್ಪು ಕಡೆ ಎಳೆಯುವುದು ತಪ್ತದೆ.

ಲಾಕ್‌ಟೈಟ್, ಅದೇ ಥ್ರೆಡ್ಡಿನ ಅಂಟು, ಎಲ್ಲ ಕಡೆ ಸುರಿಯುವವರಿಗೆ ಒಂದು ಮಾತು. ನೀಲಿ 243 ಗಾಳಿ ಇಲ್ಲದ ಜಾಗದಲ್ಲಿ, ಲೋಹದ ಸಂಪರ್ಕದಲ್ಲಿ ಗಟ್ಟಿ ಆಗುವುದು. ಪೂರ್ತಿ ಗಟ್ಟಿ ಆಗ್ಲಿಕ್ಕೆ 24 ಗಂಟೆ. ಬೆಳಿಗ್ಗೆ ಹಾಕಿ ಹತ್ತು ಗಂಟೆಗೆ ಟ್ರ್ಯಾಕಿಗೆ ಇಳಿದ್ರೆ ಅದು ಪೂರ್ತಿ ಹಿಡಿದಿರುವುದಿಲ್ಲ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಮೇಲೆ, ಸ್ಟೈನ್‌ಲೆಸ್ ಮೇಲೆ ಇನ್ನೂ ನಿಧಾನ ಆಗಬಹುದು, ಬೇಗ ಗಟ್ಟಿ ಆಗ್ಲಿಕ್ಕೆ ಆಕ್ಟಿವೇಟರ್ ಬೇಕಾದೀತು. ಒಮ್ಮೆ ಗಟ್ಟಿಯಾದ ಮೇಲೆ "ಸ್ವಲ್ಪ ಟೈಟ್ ಮಾಡುವ" ಅಂತ ಎಳೆದ್ರೆ ಅಂಟು ಒಡೆಯಿತು, ಕೆಲಸ ಮುಗಿಯಿತು. ಬಿಚ್ಚಿ, ತೊಳೆದು, ಮತ್ತೆ ಹಾಕಬೇಕು. ಪದೇ ಪದೇ ಸೆಟ್ಟಿಂಗ್ ಬದಲಿಸುವ ಜಾಮ್ ನಟ್ಟಿಗೆ ಇದು ಬೇಡ. ಬ್ರೇಕ್ ಡಿಸ್ಕಿನ ಹತ್ತಿರ ನೈಲಾಕ್ ನಟ್ಟೂ ಬೇಡ, ಒಳಗಿನ ನೈಲಾನ್ ಸುಮಾರು 120 ಡಿಗ್ರಿ ತಡೆಯುವುದು ಅಷ್ಟೆ. ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್.

ಬೋಲ್ಟಿನ ತಲೆ ನೋಡಿ ತಗೊಳ್ಳಿ. 8.8 ಅಥವಾ 10.9 ಅಂತ ಬಲದ ದರ್ಜೆಯ ಅಚ್ಚು ಇಲ್ಲದ್ದು ಎಷ್ಟು ಹೊಳೆದ್ರೂ ಗೇಟಿನ ಕೊಂಡಿಗೆ ಸಾಕು, ಕಾರಿಗೆ ಬೇಡ. ಎಂ12, ಅಂದ್ರೆ 12 ಮಿ.ಮೀ. ವ್ಯಾಸದ ಒಣ ಥ್ರೆಡ್ಡಿಗೆ ಸಾಮಾನ್ಯ ಪಟ್ಟಿಯಲ್ಲಿ 8.8 ಆದ್ರೆ ಸುಮಾರು 80 ನ್ಯೂಟನ್ ಮೀಟರ್, 10.9 ಆದ್ರೆ ಸುಮಾರು 115. ಆದ್ರೆ ಕಿಟ್ಟಿನ ಕಾಗದ ಎಂತ ಹೇಳ್ತದೋ ಅದೇ ಮೊದಲು. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ "ಇಷ್ಟು ಟಾರ್ಕ್, ಮೇಲೆ 90 ಡಿಗ್ರಿ" ಅಂತ ಇರುವ ಬೋಲ್ಟ್ ತುಂಬ ಉಂಟು. ಅದನ್ನು ರೆಂಚ್ ಹಾಕಿ ಪರೀಕ್ಷೆ ಮಾಡ್ಲಿಕ್ಕೆ ಹೋಗಬೇಡಿ, ಗೆರೆ ನೋಡಿ; ಬಿಚ್ಚಿದ್ರೆ ಹೊಸತು ಹಾಕಿ. ರಬ್ಬರ್ ಬುಷ್ ಇರುವ ಬೋಲ್ಟನ್ನು ಕಾರು ನೆಲದ ಮೇಲೆ ನಿಂತ ಎತ್ತರದಲ್ಲೇ ಬಿಗಿ ಮಾಡಿ. ಶಾಕ್‌ನ ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿಯಬೇಡಿ, ಒಳಗಿನ ದಂಡ ಗಿರಗಿರ ತಿರುಗಿ ಸೀಲ್ ಹೋಗ್ತದೆ. ಎಲನ್ ಕೀಯಲ್ಲಿ ದಂಡ ಹಿಡಿದು ಕೈಯಲ್ಲೇ ಎಳೆಯಿರಿ.

ಕಾಯಿಲೋವರಿನ ರಿಂಗ್ ತಿರುಗಿಸುವ ಮೊದಲು ಚಕ್ರ ಎತ್ತಿ ಸ್ಪ್ರಿಂಗಿನ ಭಾರ ಇಳಿಸಿ, ನೈಲಾನ್ ಬ್ರಷ್ಷಿನಲ್ಲಿ ಥ್ರೆಡ್ ತೊಳೆಯಿರಿ. ಹೆದ್ದಾರಿ 66ರ ಕೆಲಸದ ಧೂಳು, ಕಡಲ ಉಪ್ಪು ಎರಡೂ ಸೇರಿ ಅದರಲ್ಲಿ ಮರಳು ಕಾಗದದ ಹಾಗೆ ಕೂತಿರ್ತದೆ. ತೊಳೆಯದೆ ತಿರುಗಿಸಿದ್ರೆ ಅಲ್ಯೂಮಿನಿಯಂ ರಿಂಗ್ ಅಲ್ಲೇ ಕಚ್ಚಿ ನಿಂತೀತು, ಆಮೇಲೆ ಸಿ-ಸ್ಪ್ಯಾನರಿಗೆ ಪೈಪ್ ಹಾಕಿದ್ರೂ ಅಲುಗುವುದಿಲ್ಲ. ಲಾಕ್ ಆಗಿ ನಿಂತ ರಿಂಗಿಗೆ ಜೂನಿನ ಮೊದಲು ಮೇಣದ ಸ್ಪ್ರೇ.

ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಮೇಲೆ, ಹೆಚ್ಚಿನವರು ಅದೇ ಕಾರನ್ನು ಓಡಿಸಿಕೊಂಡು ಹೋಗುವುದು. ಹಾಗಾಗಿ ತಲುಪಿದ ತಕ್ಷಣ ಗೆರೆ ನೋಡಿ. ಪ್ರತಿ ಸೆಷನ್ ಆದ ಮೇಲೆ ಟಾರ್ಚ್, ಸಣ್ಣ ಕನ್ನಡಿ ಹಿಡಿದು ಎರಡು ನಿಮಿಷ ಚಕ್ರದ ಹಿಂದೆ ಬಗ್ಗಿ. ಟಾರ್ಕ್ ರೆಂಚನ್ನು ಬಿಗಿಯುವ ದಿಕ್ಕಿಗೇ ಎಳೆದು ನೋಡಿ, ಸಡಿಲ್ಸಿ ಮತ್ತೆ ಬಿಗಿಯಬೇಡಿ. ಯಾವ ಗೆರೆ ಮುರಿದಿದೆಯೋ ಅದರ ಹೆಸರು, ಯಾವ ಕಡೆಯದ್ದು, ಎಷ್ಟು ತಿರುಗಿದೆ, ಬರೆದಿಡಿ. ಅದೇ ನಟ್ ಎರಡನೇ ಸಲ ಪುಸ್ತಕದಲ್ಲಿ ಬಂದ್ರೆ ಸ್ಪ್ಯಾನರ್ ಕೆಳಗಿಡಿ. ಬೋಲ್ಟ್ ಹೊರಗೆ ತೆಗೆದು ಅದರ ಮೈ ನೋಡಿ. ನಡುವಿನಲ್ಲಿ ಹೊಳೆಯುವ ಉಂಗುರದಂಥ ಗೀರು ಕಂಡ್ರೆ ಅಲ್ಲಿ ಭಾಗಗಳು ಜಾರ್ತಾ ಉಂಟು: ಒಂದೋ ಪೈಂಟ್ ಉಳಿದಿದೆ, ಒಂದೋ ತೂತು ದೊಡ್ಡದಾಗಿದೆ, ಒಂದೋ ರಾಡ್ ಎಂಡ್ ವಾಲಿ ಕೂತಿದೆ. ಆ ಬೋಲ್ಟನ್ನು ಗುಜರಿಗೆ ಹಾಕಿ, ತೂತಿನ ವ್ಯಾಸಕ್ಕೆ ವರ್ನಿಯರ್ ಹಿಡಿಯಿರಿ. ಅದು ಟೋ ಲಿಂಕಿನ ಬೋಲ್ಟ್ ಆಗಿದ್ದು, ಹೊಸತು ಕೈಯಲ್ಲಿ ಇಲ್ಲದಿದ್ರೆ ಆ ದಿನಕ್ಕೆ ಟ್ರ್ಯಾಕ್ ಮುಗಿಯಿತು. ವಾಪಸ್ ಬರ್ಲಿಕ್ಕೆ ರಿಕವರಿ ಗಾಡಿಗೆ ಫೋನ್ ಮಾಡಿ.