ಕ್ಯಾಮೆರಾ ಮೇಲಕ್ಕೆತ್ತಿ ಮಾರಾಯ್ರೆ!

ನಮಸ್ಕಾರ, ನಮಸ್ಕಾರ. ಡೊಂಬಿವಲಿಯ ನಾಲ್ಕನೇ ಮಾಳಿಗೆಯಿಂದ, ಫ್ಯಾನ್ ಆಫ್ ಮಾಡಿಕೊಂಡು, ಬೆವರು ಒರೆಸಿಕೊಳ್ತಾ ಮಾತಾಡ್ತಾ ಇದ್ದೇನೆ. ಫ್ಯಾನ್ ಹಾಕಿದ್ರೆ ಮೈಕಲ್ಲಿ ಹೆಲಿಕಾಪ್ಟರ್ ಇಳಿದ ಹಾಗೆ ಕೇಳ್ತದೆ ಅಂತ ಹೋದ ವಾರ ನೀವೇ ದೂರಿದ್ದು. ಈಗ ನಾನು ಬೇಯ್ತೇನೆ, ನೀವು ಕೇಳಿ.

ಇವತ್ತು ಸಿಟ್ಟು ಬಂದಿದೆ. ಭಾನುವಾರ ಕುರ್ಲಾದಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೇವೆ, ತಟ್ಟೆಗೆ ಕೋರಿ ರೊಟ್ಟಿ ಬಂದಿದೆ, ಗಸಿ ಈಗಷ್ಟೇ ಬಿದ್ದಿದೆ. ಪಕ್ಕದಲ್ಲಿ ನಮ್ಮ ಭಾವ. ಎಡಗೈಯಲ್ಲಿ ಮೊಬೈಲ್ ತೆಗೆದು ನನ್ನ ಮೂಗಿನ ಹತ್ರ ಹಿಡಿದ್ರು. "ನೋಡು ಮಾರಾಯ, ನೌಕಾಪಡೆ ಹಡಗಿನ ಉದ್ಘಾಟನೆ. ರಿಬ್ಬನ್, ಕಾಯಿ, ಬ್ಯಾಂಡು, ಎಲ್ಲ ಗೌಜಿ. ನಮ್ಮ ಹೋಟೆಲ್ ಓಪನಿಂಗಿಗೂ ಇದಕ್ಕೂ ಎಂತ ವ್ಯತ್ಯಾಸ?"

ನೋಡಿದೆ. ನಲವತ್ತು ಸೆಕೆಂಡಿನ ತುಣುಕು. ರಿಬ್ಬನ್ ಇಲ್ಲ, ಕಾಯಿಯೂ ಇಲ್ಲ. ಏನುಂಟು ಗೊತ್ತುಂಟಾ? ಸೋಫಾ! ಮೊದಲ ಸಾಲಿನ ಬಿಳಿ ಹೊದಿಕೆಯ ಸೋಫಾ, ಅದರಲ್ಲಿ ದೊಡ್ಡವರು, ಟೀಪಾಯಿ ಮೇಲೆ ನೀರಿನ ಬಾಟ್ಲಿ. ರಾಷ್ಟ್ರಗೀತೆ ಶುರುವಾಯ್ತು, ಸೋಫಾದವರು ಎದ್ದು ನಿಂತ್ರು, ಕ್ಯಾಮೆರಾ ಅವರ ಮುಖದ ಮೇಲೇ ನಿಂತಿತು. ಅದೇ ಹೊತ್ತಿಗೆ ಆ ಹಡಗಿನ ಕಂಬದ ತುದಿಯಲ್ಲಿ ಪೆನ್ನಂಟ್ ಎಂಬ ಪಟ್ಟಿ ಬಿಚ್ಚಿಕೊಂಡು, ನಡೆಯಬೇಕಾದ್ದು ನಡೆದುಹೋಯ್ತು. ಯಾರೂ ನೋಡಲಿಲ್ಲ. ನನ್ನ ರೊಟ್ಟಿ ಗಸಿಯಲ್ಲಿ ನೆನೆದು ಅಂಬಲಿಯಾಯ್ತು. ಅದೂ ಸೇರಿ ಈ ಸಿಟ್ಟು.

ಭಾವ, ನೀವು ಇದನ್ನು ನೋಡ್ತೀರಿ ಅಂತ ಗೊತ್ತು, ಅಕ್ಕ ನೋಡಿಸ್ತಾಳೆ. ಕೇಳಿ. ಕಾಯಿ ಒಡೆಯುವುದು ಹಡಗನ್ನು ನೀರಿಗಿಳಿಸುವ ದಿನ. ಅದು ಲಾಂಚಿಂಗ್. ನೀವು ತೋರಿಸಿದ್ದು ಕಮಿಷನಿಂಗ್, ಹಡಗನ್ನು ಸೇವೆಗೆ ಸೇರಿಸಿಕೊಳ್ಳುವ ದಿನ. ಸಾಮಾನ್ಯವಾಗಿ ಒಬ್ಬ ಹೆಂಗಸು ಹಡಗಿನ ಮೂತಿಗೆ ಕಾಯಿ ಒಡೆದು, ಹೆಸರಿಟ್ಟು, ಹರಸಿ ಕಳಿಸ್ತಾರೆ. ಅಥರ್ವವೇದದ ಮಂತ್ರ ಓದುವ ರೂಢಿಯೂ ಉಂಟು. ಯುರೋಪಿನವರು ಶಾಂಪೇನ್ ಬಾಟ್ಲಿ ಒಡೀತಾರೆ. ನಾವು ಕಾಯಿ. ಕಾಯಿಯೇ ವಾಸಿ, ಚೂರು ಹೆಕ್ಕಿ ಚಟ್ನಿ ಆದ್ರೂ ಮಾಡ್ಬಹುದು.

ಆದ್ರೆ ನೀರಿಗಿಳಿಯುವ ದಿನ ಹಡಗು ಬರೀ ಖಾಲಿ ಓಡು. ಒಳಗೆ ಎಷ್ಟೋ ಯಂತ್ರ ಕೂತಿರುವುದಿಲ್ಲ. ಅದಕ್ಕೆ ಐಎನ್‌ಎಸ್, ಅಂದ್ರೆ ಇಂಡಿಯನ್ ನೇವಲ್ ಶಿಪ್, ಅಂತ ಕರೆಯುವ ಹಕ್ಕೂ ಇಲ್ಲ. ಯಾರ್ಡಿನವರ ಕಾಗದದಲ್ಲಿ ಅದೊಂದು ನಂಬರ್. ನಮ್ಮ ಮಝಗಾಂವ್ ಡಾಕಲ್ಲಿ ಕಟ್ಟಿದ 'ಸೂರತ್' ಉಂಟಲ್ಲ, 2022ರ ಮೇ 17ರಂದು ನೀರಿಗಿಳಿಯಿತು. 2024ರ ಡಿಸೆಂಬರಲ್ಲಿ ನೌಕಾಪಡೆಯ ಕೈಗೆ ಕೊಡುವಾಗಲೂ ಅದು ಯಾರ್ಡ್ 12707. 2025ರ ಜನವರಿ 15ಕ್ಕೆ ಇಲ್ಲೇ ಮುಂಬಯಿ ನೇವಲ್ ಡಾಕ್‌ಯಾರ್ಡಲ್ಲಿ ಐಎನ್‌ಎಸ್ ಸೂರತ್ ಆಯ್ತು. ಅದರ ಜೊತೆಗೆ ನೀಲಗಿರಿ, ಸಬ್‌ಮರೀನ್ ವಾಗ್ಶೀರ್. ಒಂದೇ ದಿನ ಮೂರು. ಸೂರತ್ ನೀರಿಗಿಳಿದ ದಿನಕ್ಕೂ ಈ ದಿನಕ್ಕೂ ನಡುವೆ ಎರಡೂವರೆ ವರ್ಷಕ್ಕೂ ಹೆಚ್ಚು! ಕಾಯಿ ಬೇರೆ ದಿನ, ಇದು ಬೇರೆ ದಿನ. ಭಾವಾ, ಬೇರೆ ದಿನ!

ಸಾಲದಾ? ಹಳೇ ವಿಕ್ರಾಂತ್ ತಗೊಳ್ಳಿ. ಅದು ಇಂಗ್ಲೆಂಡಿನವರ ಹರ್ಕ್ಯುಲಿಸ್ ಆಗಿ ನೀರಿಗಿಳಿದದ್ದು 1945ರಲ್ಲಿ. ಮಹಾಯುದ್ಧ ಮುಗಿದಿತ್ತು, ಕೆಲಸ ನಿಲ್ಲಿಸಿ ಕಟ್ಟಿಹಾಕಿದ್ರು. 1957ರಲ್ಲಿ ನಾವು ಕೊಂಡೆವು. ಸೇವೆಗೆ ಸೇರಿದ್ದು 1961ರ ಮಾರ್ಚ್ 4, ಬೆಲ್‌ಫಾಸ್ಟಲ್ಲಿ, ಆಗ ಬ್ರಿಟನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತರ ಎದುರು. ಹುಟ್ಟಿ ಹದಿನಾರನೇ ವರ್ಷಕ್ಕೆ ಕೆಲಸ ಸಿಕ್ಕಿತು. ನಮ್ಮ ಊರಿನ ಹುಡುಗರು ಬೊಂಬಾಯಿ ಬಸ್ಸು ಹತ್ತುತ್ತಿದ್ದ ಪ್ರಾಯ.

ಹಾಗಾದ್ರೆ ಕಮಿಷನಿಂಗ್ ದಿನ ನಡೆಯುವುದೆಂತ? ಕ್ಯಾಪ್ಟನ್ ಕಮಿಷನಿಂಗ್ ವಾರಂಟ್ ಓದ್ತಾರೆ. ಇಂಥ ಹಡಗನ್ನು ಸೇವೆಗೆ ಸೇರಿಸಿಕೊಳ್ಳಿ ಅಂತ ಬಂದ ಅಪ್ಪಣೆ ಅದು. ಓದಿದ ಮೇಲೆ ರಾಷ್ಟ್ರಗೀತೆ. ಹಿಂಬದಿಯಲ್ಲಿ ನೌಕಾಪಡೆಯ ಬಾವುಟ ಮೇಲೇರ್ತದೆ. ಸಂತ ಜಾರ್ಜನ ಕೆಂಪು ಶಿಲುಬೆ ಹೋಗಿ 2022ರಲ್ಲಿ ಶಿವಾಜಿ ಮುದ್ರೆಯ ನೆನಪಿನ ಎಂಟು ಮೂಲೆಯ ಗುರುತು ಬಂತಲ್ಲ, ಆ ಬಾವುಟ. ಇಷ್ಟನ್ನು ಟಿವಿಯವರು ಹೇಗೋ ತೋರಿಸ್ತಾರೆ.

ಅದೇ ಹೊತ್ತಿಗೆ ಕಂಬದ ತುದಿಯಲ್ಲಿ ಒಂದು ಬಟ್ಟೆಯ ಸುರುಳಿ. ಕೆಳಗಿಂದ ನೋಡಿದ್ರೆ ಕಾಗೆ ಕೂತ ಹಾಗೆ ಕಾಣ್ತದೆ. ಹಗ್ಗವನ್ನು ಒಂದು ಸಲ ಜಗ್ಗಿದ್ರೆ ಸುರುಳಿ ಫಕ್ಕನೆ ಬಿಚ್ಚಿ, ಸಪೂರದ ಉದ್ದ ಪಟ್ಟಿಯೊಂದು ಗಾಳಿಗೆ ಹಾವಿನ ಹಾಗೆ ಹರಿದಾಡ್ತದೆ. ಅದೇ ಕಮಿಷನಿಂಗ್ ಪೆನ್ನಂಟ್. ಬಂದರಲ್ಲಿ ನಿಂತ ಹಡಗಿನ ಬಾವುಟ ಬೆಳಿಗ್ಗೆ ಏರ್ತದೆ, ಸೂರ್ಯ ಮುಳುಗುವಾಗ ಇಳೀತದೆ. ಪೆನ್ನಂಟಿಗೆ ಆ ರಜೆ ಇಲ್ಲ. ಹಗಲು, ರಾತ್ರಿ, ಮಳೆಗಾಲ. ಹರಿದ್ರೆ ಹೊಸತು ಹಾಕ್ತಾರೆ. ಹಡಗು ನಿವೃತ್ತಿಯಾಗುವ ಸಂಜೆವರೆಗೂ ಅದು ಅಲ್ಲೇ. 2017ರ ಮಾರ್ಚ್ 6ರ ಸಂಜೆ ಇದೇ ಮುಂಬಯಿಯಲ್ಲಿ ವಿರಾಟ್ ಮೇಲಿಂದ ಇಳಿಸಿದ್ರಲ್ಲ, ಆಗ ಆ ಹಡಗಿನ ಕಥೆ ಮುಗಿಯಿತು.

ಅಂದ್ರೆ ಅದು ಏರಿದ ಕ್ಷಣ ಹಡಗು ಹಡಗಾಗ್ತದೆ, ಇಳಿದ ಕ್ಷಣ ಗುಜರಿ. ಆ ಕ್ಷಣಕ್ಕೆ ಕ್ಯಾಮೆರಾ ಎಲ್ಲಿ? ಸೋಫಾ ಮೇಲೆ!

ಊರಿನ ಲೆಕ್ಕದಲ್ಲಿ ಹೇಳ್ತೇನೆ. ದೈವದ ಕೋಲದಲ್ಲಿ ಬಣ್ಣ ಹಾಕಿ ಕೂತವರು ಗಗ್ಗರ, ಅಂದ್ರೆ ಕಾಲಿನ ಗೆಜ್ಜೆ, ಕಟ್ಟುವವರೆಗೆ ನಮ್ಮ ಹಾಗೇ ಮನುಷ್ಯರು. ಬೀಡಿ ಸೇದ್ತಾರೆ, ಮಗಳ ಕಾಲೇಜು ಫೀಸಿನ ಸುದ್ದಿ ಮಾತಾಡ್ತಾರೆ. ಗಗ್ಗರ ಕಾಲಿಗೆ ಬಿದ್ದ ಮೇಲೆ ಯಜಮಾನನೂ ಕೈಮುಗಿದು ನಿಲ್ತಾನೆ. ದೈವಕ್ಕೂ ಹಡಗಿಗೂ ಹೋಲಿಸಬಾರದು, ತಪ್ಪಾದ್ರೆ ಕಾಣಿಕೆ ಹಾಕ್ತೇನೆ. ಆದ್ರೆ ಗಗ್ಗರ ಕಟ್ಟುವ ಹೊತ್ತಿಗೆ ಯಾವನಾದ್ರೂ ಕ್ಯಾಮೆರಾ ತಿರುಗಿಸಿ ಗುತ್ತಿನವರ ಕುರ್ಚಿ ತೋರಿಸಿದ್ರೆ ನೀವು ಸುಮ್ಮನಿರ್ತೀರಾ? ಊರವರು ಆ ಕ್ಯಾಮೆರಾವನ್ನೇ ಬಾವಿಗೆ ಹಾಕ್ತಾರೆ.

[ನೀರು ಕುಡಿಯುವುದು]

ಹಾಂ, ನಡುವೆ ಒಂದು ಮಾತು. ಈ ವಿಡಿಯೋವನ್ನು ಪ್ರಾಯೋಜಿಸಿದವರು ಯಾರೂ ಇಲ್ಲ. ಅಕ್ಕನ ಮನೆಯ ಕಷಾಯದ ಪುಡಿ ಉಂಟು, ಬೇಕಾದವರು ಮೆಸೇಜ್ ಹಾಕಿ, ಅಷ್ಟೇ. ಸಬ್‌ಸ್ಕ್ರೈಬ್ ಮಾಡಿ. ಮಾಡಿದವರು ಹೆಂಡತಿಯ ಫೋನಲ್ಲೂ ಮಾಡಿ.

ಈಗ ಬುದ್ಧಿವಂತರ ಸರದಿ. ನೀಲಗಿರಿ ಬಗ್ಗೆ ಮೊನ್ನೆ ಹಾಕಿದ ವಿಡಿಯೋಕ್ಕೆ ಒಬ್ಬರು ಬರೆದಿದ್ದಾರೆ: "ಇದೆಲ್ಲ ಬ್ರಿಟಿಷರ ಎಂಜಲು, ಪಟ್ಟಿ ಬಟ್ಟೆಗೆ ಯಾಕಿಷ್ಟು ಭಕ್ತಿ?" ಹೌದಾ ಸ್ವಾಮಿ? ನೀವು ಟೈಪ್ ಮಾಡಿದ ಫೋನನ್ನು ಕೊಲ್ಲೂರಲ್ಲಿ ಎರಕ ಹೊಯ್ದದ್ದಾ? ಪೆನ್ನಂಟಿಗೆ ಒಂದು ಹಳೇ ಕಥೆ ಉಂಟು, ಕಥೆ ಅಂತಲೇ ಕೇಳಿ, ಚರಿತ್ರೆಯವರು ಒಪ್ಪುವುದಿಲ್ಲ. 1652ರ ಸುಮಾರಿಗೆ ಡಚ್ಚರ ಟ್ರಾಂಪ್ ಎಂಬ ಅಡ್ಮಿರಲ್ ಹಡಗಿನ ಕಂಬಕ್ಕೆ ಪೊರಕೆ ಕಟ್ಟಿದನಂತೆ, ಇಂಗ್ಲಿಷರನ್ನು ಸಮುದ್ರದಿಂದ ಗುಡಿಸಿ ಹಾಕ್ತೇನೆ ಅಂತ. ಇಂಗ್ಲಿಷರ ಬ್ಲೇಕ್ ತನ್ನ ಕಂಬಕ್ಕೆ ಚಾವಟಿ ಕಟ್ಟಿದನಂತೆ. ಆ ಚಾವಟಿಯೇ ಈ ಪಟ್ಟಿಯಂತೆ. ಸುಳ್ಳಾದ್ರೂ ಚಂದ ಉಂಟು. ಪೊರಕೆಯವ ಗೆದ್ದಿದ್ರೆ ಇವತ್ತು ಐಎನ್‌ಎಸ್ ಸೂರತ್ ಮೇಲೆ ಹಿಡಿಸೂಡಿ ಇರ್ತಿತ್ತು.

ಎಂಜಲು ಅಂತೀರಲ್ಲ, ಈ ಬೊಂಬಾಯಿ ಡಾಕ್‌ಯಾರ್ಡನ್ನು 1735ರಿಂದ ಬೆಳೆಸಿದವರು ಯಾರು? ಲವ್ಜಿ ನಸರ್ವಾನ್‌ಜಿ ವಾಡಿಯಾ, ಪಾರ್ಸಿ ಬಡಗಿ. ಬಂದದ್ದು ಎಲ್ಲಿಂದ? ಸೂರತ್ತಿಂದ! ಅದೇ ಸೂರತ್ ಹೆಸರಿನ ಹಡಗಿಗೆ ಅದೇ ಡಾಕ್‌ಯಾರ್ಡಲ್ಲಿ ಪೆನ್ನಂಟ್ ಏರಿದ್ದು. ಇದನ್ನು ಯಾವ ಟಿವಿ ಆಂಕರ್ ಹೇಳಿದ? ವಾಡಿಯಾ ಮನೆಯವರು ಬ್ರಿಟಿಷರಿಗೇ ಇಲ್ಲಿ ಯುದ್ಧದ ಹಡಗು ಕಟ್ಟಿಕೊಟ್ಟವರು. ಟ್ರಿಂಕೊಮಲಿ ಅಂತ ಒಂದು ಉಂಟು, 1817ರಲ್ಲಿ ಇಲ್ಲಿ ನೀರಿಗಿಳಿದದ್ದು, ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಲ್ಲಿ ತೇಲ್ತಾ ಉಂಟು. ಅದರ ತಳದ ಮರಕ್ಕೆ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ ಹೊಡೆದೇ ಕೆಲಸ ಶುರು ಮಾಡಿದ್ದು. ಬ್ರಿಟಿಷರ ಹಡಗಿಗೆ ನಮ್ಮ ಬೆಳ್ಳಿ ಮೊಳೆ! ಎಂಜಲು ಯಾರದ್ದು ಯಾರು ತಿಂದದ್ದು, ನೀವೇ ಲೆಕ್ಕ ಹಾಕಿ. ಹಾಕಿ ಆದ ಮೇಲೆ ಕ್ಯಾಮೆರಾ ಮೇಲಕ್ಕೆತ್ತಿ.

ಇನ್ನೊಬ್ಬರದ್ದು ಖರ್ಚಿನ ಪ್ರಶ್ನೆ. "ಒಂದು ಬಟ್ಟೆ ಏರಿಸಲಿಕ್ಕೆ ಇಷ್ಟು ಜನ, ಬ್ಯಾಂಡು ಎಂತಕ್ಕೆ? ಸೀದಾ ಸಮುದ್ರಕ್ಕೆ ಕಳಿಸಿ." ಸರಿ. ನಿಮ್ಮ ಮಗನ ಮದುವೆಯನ್ನೂ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡಿ. ಆರ್ಕೆಸ್ಟ್ರಾ ಬೇಡ, ಐಸ್‌ಕ್ರೀಮ್ ಬೇಡ. ಮಾಡ್ತೀರಾ? ಮತ್ತೆ! ಅಲ್ಲಿ ಜೆಟ್ಟಿಯಲ್ಲಿ ಬಿಳಿ ಸಮವಸ್ತ್ರದಲ್ಲಿ ಸಾಲುಗಟ್ಟಿ ನಿಂತ ಹುಡುಗರು ಉಂಟಲ್ಲ, ಅವರು ಆ ಹಡಗಿನ ಮೊದಲ ಬಳಗ. ಯಾರ್ಡಲ್ಲಿ ವೆಲ್ಡಿಂಗ್ ಕಿಡಿ ಹಾರುವಾಗಲೇ ಬಂದು ಒಂದೊಂದು ಪೈಪು, ಒಂದೊಂದು ವಾಲ್ವ್ ಕಲಿತವರು. ಅವರ ಅಮ್ಮಂದಿರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರ್ತಾರೆ. ಆ ಅಮ್ಮಂದಿರು ಎಲ್ಲಿ ನೋಡ್ತಾರೆ ಗೊತ್ತುಂಟಾ? ಮೇಲೆ! ಅವರಿಗೆ ಗೊತ್ತು. ಕ್ಯಾಮೆರಾದವನಿಗೆ ಗೊತ್ತಿಲ್ಲ.

ಲಯನ್ ಗೇಟಿನ ಹತ್ರ ನಮ್ಮ ದೊಡ್ಡಪ್ಪ ಚಾ ಅಂಗಡಿಯಲ್ಲಿ ಗಲ್ಲೆಗೆ ಕೂರ್ತಿದ್ರು. ಡಾಕ್‌ಯಾರ್ಡಿನ ಫಿಟ್ಟರುಗಳು ಬಂದು ಕಟಿಂಗ್ ಚಾ ಕುಡಿದು, ಲೆಕ್ಕ ಬರೆಸಿ ಹೋಗುವವರು. ಯಾವ ಸಮಾರಂಭಕ್ಕೆ ಯಾವ ಮಂತ್ರಿ ಬಂದದ್ದು ಅಂತ ಅವರು ಒಂದು ದಿನವೂ ಹೇಳಿದ್ದಿಲ್ಲವಂತೆ. "ಶೇಟ್, ಆಜ್ ಚಡ್‌ಗಯಾ" ಅಂತ ಮಾತ್ರ ಹೇಳ್ತಿದ್ರಂತೆ. ಚಡ್‌ಗಯಾ, ಏರಿತು. ಯಾವುದು ಏರಿತು ಅಂತ ಕೇಳುವ ಅಗತ್ಯ ಇರಲಿಲ್ಲ. ದೊಡ್ಡಪ್ಪನಿಗೆ ಬೇಕಾದ್ದು ಬಾಕಿ ದುಡ್ಡು, ಅದು ಬೇರೆ ವಿಷಯ.

ಮತ್ತೆ ನಮ್ಮವರಿಗೊಂದು. ಐಎನ್‌ಎಸ್ ಮೈಸೂರು ಗೊತ್ತುಂಟಾ? ಮೊದಲನೆಯದು 1957ರಲ್ಲಿ ನಾವು ಸೇರಿಸಿಕೊಂಡ ಕ್ರೂಸರ್, ಹಿಂದಿನ ಹೆಸರು ನೈಜೀರಿಯಾ. ಈಗಿನದ್ದು ಮಝಗಾಂವಲ್ಲೇ ಕಟ್ಟಿದ್ದು, 1999ರ ಜೂನ್ 2ರಂದು ಮುಂಬಯಿಯಲ್ಲೇ ಸೇವೆಗೆ ಸೇರಿದ್ದು. ಲಾಂಛನದಲ್ಲಿ ಎಂತ ಉಂಟು? ಗಂಡಭೇರುಂಡ! ಒಡೆಯರ ಗಂಡಭೇರುಂಡ ಅರಬ್ಬೀ ಸಮುದ್ರದಲ್ಲಿ ತಿರುಗ್ತಾ ಉಂಟು, ನಾವಿಲ್ಲಿ ದಾದರ್ ಲೋಕಲಲ್ಲಿ ಮೂರನೇ ಸೀಟಿಗೆ ಜಗಳ ಆಡ್ತಾ ಇದ್ದೇವೆ. ಹಡಗು ಸತ್ರೂ ಹೆಸರು ಸಾಯುವುದಿಲ್ಲ. ಖುಕ್ರಿ 1971ರ ಯುದ್ಧದಲ್ಲಿ ಮುಳುಗಿತು, ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. 1989ರಲ್ಲಿ ಅದೇ ಹೆಸರಿನ ಹೊಸ ಹಡಗು ಬಂತು. ಹೆಸರು ಅದೇ, ಪೆನ್ನಂಟ್ ಮಾತ್ರ ಹೊಸತು. ಪ್ರತಿ ಸಲ ಮೊದಲಿಂದ ಏರಬೇಕು. ಅದಕ್ಕೇ ಹೇಳುವುದು!

2024ರ ಸೆಪ್ಟೆಂಬರ್ 9ರಂದು ಕೊಚ್ಚಿಯಲ್ಲಿ ಎರಡು ಹಡಗು ಒಂದೇ ದಿನ ನೀರಿಗಿಳಿದವು. ಹೆಸರು ಮಲ್ಪೆ ಮತ್ತು ಮುಲ್ಕಿ. ಮಲ್ಪೆ! ಬಂಗುಡೆ ಏಲಂ ಕೂಗುವ ಊರಿನ ಹೆಸರು ಸಬ್‌ಮರೀನ್ ಬೇಟೆಗೆ ಹೋಗುವ ಹಡಗಿಗೆ. ನಮ್ಮ ಮೊಗವೀರರ ವಾಟ್ಸಾಪ್ ಗುಂಪುಗಳಲ್ಲಿ ಆ ದಿನ ಹಬ್ಬ. ಅದು ನೀರಿಗಿಳಿದದ್ದು ಮಾತ್ರ, ಗೊತ್ತಾಯ್ತಲ್ಲ ಈಗ? ಕಾಯಿ ಒಡೆದ ದಿನ. ಯಾರಾದ್ರೂ ಅದನ್ನೂ ಉದ್ಘಾಟನೆ ಅಂದ್ರೆ ನಾನು ಅವರ ಮನೆಗೇ ಬರ್ತೇನೆ.

ಹಾಗಾದ್ರೆ ಮುಖ್ಯ ಅತಿಥಿಯನ್ನು ತೋರಿಸಬಾರದಾ ಅಂತ ಕೇಳ್ತೀರಿ. ತೋರಿಸಿ. ಫಲಕದ ಪರದೆ ಎಳೆಯುವಾಗ ತೋರಿಸಿ. ಭಾಷಣ ಪೂರ್ತಿ ತೋರಿಸಿ, ನಾನು ಮಿಕ್ಸಿ ಹಾಕ್ತೇನೆ ಆಗ. ಆ ಹತ್ತು ಸೆಕೆಂಡ್ ಬಿಟ್ಟುಕೊಡಿ. ಹತ್ತೇ ಹತ್ತು. ಕ್ಯಾಮೆರಾಕ್ಕೆ ಕುತ್ತಿಗೆ ಉಂಟಲ್ಲ, ಅದನ್ನು ಎತ್ತಿ! ಯಾಕೆ ಅಂತ ಮತ್ತೆ ಕೇಳ್ಬೇಡಿ. ಇಷ್ಟು ಹೊತ್ತು ಎಂತ ಹೇಳಿದ್ದು ನಾನು? ಯಾಕೆ ಅಂದ್ರೆ ಅದು ಅಲ್ಲಿ ಉಂಟು, ಅದಕ್ಕೆ! ಮೇಲೆ ಉಂಟು! ಸೋಫಾ ನಮ್ಮ ಮನೆಯಲ್ಲೂ ಉಂಟು ಮಾರಾಯ್ರೆ, ಸ್ಪಂಜು ಹೋಗಿದೆ, ಅದನ್ನು ನೋಡಲಿಕ್ಕೆ ಟಿವಿ ಎಂತಕ್ಕೆ?

ಕೆಳಗಿನ ಮನೆಯವರು ಕೋಲಲ್ಲಿ ಸೀಲಿಂಗ್ ಕುಟ್ಟಿದ್ರು, ಕೇಳಿಸಿತಾ? ಬಂದ್ ಮಾಡ್ತೇನೆ. ಒಂದು ಕೆಲಸ ಮಾಡಿ. ಯಾವ ಹಡಗಿನದ್ದಾದ್ರೂ ಆಗಲಿ, ಪೆನ್ನಂಟ್ ಬಿಚ್ಚಿಕೊಳ್ಳುವ ಆ ಹತ್ತು ಸೆಕೆಂಡ್ ನಿಮ್ಮ ಫೋನಲ್ಲಿ ಸಿಕ್ಕಿದ್ರೆ ನನಗೆ ಕಳಿಸಿ. ಅಲುಗಾಡಿದ್ರೂ ಪರವಾಗಿಲ್ಲ, ಬಿಸಿಲಿಗೆ ಬೆಳ್ಳಗಾಗಿದ್ರೂ ನಡೀತದೆ. ಮುಂದಿನ ವಾರ ಎಲ್ಲ ಜೋಡಿಸಿ ಹಾಕ್ತೇನೆ, ಭಾಷಣ ಇಲ್ಲದೆ, ನಾನೂ ಇಲ್ಲದೆ. ಭಾವ, ನೀವು ಕಳಿಸ್ಬೇಡಿ. ನಿಮ್ಮದು ಸೋಫಾ.