ಬರಹ ಅಚ್ಚಾಯ್ತು, ಸಂಭಾವನೆ ಎಲ್ಲಿ? ಗಡಿನಾಡಿನ ಬರಹಗಾರರಿಗೆ ವಸೂಲಿಯ ಲೆಕ್ಕ

[ದೃಶ್ಯ: ಮೇಜಿನ ಮೇಲೆ ಒಂದು ವಿಶೇಷಾಂಕ, ಪಕ್ಕದಲ್ಲಿ ಬ್ಯಾಂಕ್ ಪಾಸ್‌ಬುಕ್]

ನಿರೂಪಣೆ: ದೀಪಾವಳಿ ವಿಶೇಷಾಂಕದಲ್ಲಿ ಲೇಖನ ಬಂತು. ಗೌರವ ಪ್ರತಿಯೂ ಅಂಚೆಯಲ್ಲಿ ತಲುಪಿತು. ಯುಗಾದಿ ಬಂದರೂ ಸಂಭಾವನೆಯ ಸುದ್ದಿ ಇಲ್ಲ. ಫೋನ್ ಮಾಡಿದರೆ "ಕಳಿಸ್ತೇವೆ ಸರ್, ಈ ತಿಂಗಳು ಸ್ವಲ್ಪ ಟೈಟು" ಅನ್ನುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಲ್ಲಿ ಕೂತು ಮಂಗಳೂರು, ಬೆಂಗಳೂರಿನ ಸಣ್ಣ ಪತ್ರಿಕೆಗಳಿಗೆ ಬರೆಯುವವರಿಗೆ ಈ ಮಾತು ಬಾಯಿಪಾಠ.

ಮೊದಲು ಪತ್ರಿಕೆಯ ಕಡೆಯ ಲೆಕ್ಕ ನೋಡೋಣ. ಕಾಗದದವನಿಗೆ, ಪ್ರೆಸ್ಸಿಗೆ ದುಡ್ಡು ಕೊಡದಿದ್ದರೆ ಮುಂದಿನ ಸಂಚಿಕೆ ಹೊರಡುವುದಿಲ್ಲ. ಅಂಚೆ ಖರ್ಚು ಆವತ್ತೇ ಕಟ್ಟಬೇಕು. ಜಾಹೀರಾತಿನ ಹಣ ಮಾತ್ರ ಸಂಚಿಕೆ ಬಂದು ಎರಡು ಮೂರು ತಿಂಗಳಾದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತದೆ. ಈ ಸಾಲಿನಲ್ಲಿ ಬರಹಗಾರ ಕೊನೆಗೆ ನಿಲ್ಲುವುದಕ್ಕೆ ಕಾರಣ ಸರಳ: ಹಳೆ ಬಾಕಿ ತೀರದಿದ್ದರೆ ಪ್ರೆಸ್ಸಿನವನು ಮುಂದಿನ ಸಂಚಿಕೆ ಮುದ್ರಿಸುವುದಿಲ್ಲ, ನಾವು ಮಾತ್ರ ಮುಂದಿನ ಲೇಖನವನ್ನೂ ಕಳಿಸಿಬಿಡುತ್ತೇವೆ. ಅದರ ಮೇಲೆ, ಪ್ರೆಸ್ಸಿನವನ ಬಿಲ್ಲು ಅವರ ಫೈಲಿನಲ್ಲಿ ಇರುತ್ತದೆ. ನಮ್ಮದು ಇರುವುದಿಲ್ಲ.

ಸಂಭಾವನೆ ಕೊಡುವುದೇ ಇಲ್ಲ ಅಂತ ಮೊದಲೇ ಹೇಳುವ ಸಾಹಿತ್ಯ ಪತ್ರಿಕೆಗಳೂ ಇವೆ. ಅವರ ಮೇಲೆ ಸಿಟ್ಟು ಬೇಡ. ಒಪ್ಪಿಗೆ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಈ ವಿಡಿಯೋ ಕೊಡುತ್ತೇವೆ ಅಂದು ಕೊಡದವರ ಬಗ್ಗೆ.

[ತೆರೆಯ ಮೇಲೆ: ಲೇಖನ ಕಳಿಸುವ ದಿನ]

ನಿರೂಪಣೆ: ಫೋನಿನಲ್ಲಿ ಎಷ್ಟೇ ಮಾತಾಗಿದ್ದರೂ ಲೇಖನದ ಜತೆ ಇಮೇಲಿನಲ್ಲಿ ನಾಲ್ಕು ಸಾಲು ಹಾಕಿ. ಹೀಗೆ:

[ತೆರೆಯ ಮೇಲೆ, ಇಮೇಲಿನ ಚಿತ್ರ]
"ನಮ್ಮ ಮಾತುಕತೆಯಂತೆ 1,400 ಪದಗಳ ಲೇಖನ ಲಗತ್ತಿಸಿದ್ದೇನೆ. ಸಂಭಾವನೆ ರೂ. 1,500, ಪ್ರಕಟವಾದ 30 ದಿನಗಳೊಳಗೆ. ಒಂದು ಬಾರಿಯ ಮುದ್ರಣಕ್ಕೆ ಮಾತ್ರ ಅನುಮತಿ. ವೆಬ್‌ಸೈಟ್, ಆಡಿಯೋ, ಸಂಕಲನಕ್ಕೆ ಬೇರೆ ಒಪ್ಪಿಗೆ ಬೇಕು. ಮೂರು ತಿಂಗಳೊಳಗೆ ಪ್ರಕಟವಾಗದಿದ್ದರೆ ಬೇರೆ ಪತ್ರಿಕೆಗೆ ಕೊಡುತ್ತೇನೆ. ದಯವಿಟ್ಟು ಒಪ್ಪಿಗೆ ತಿಳಿಸಿ."

ನಿರೂಪಣೆ: ಅವರು "ಆಯ್ತು" ಅಂತ ಒಂದೇ ಪದ ಬರೆದರೂ ಸಾಕು, ಮುಂದೆ ಅದೇ ನಿಮ್ಮ ವರ್ಕ್ ಆರ್ಡರ್. ಉತ್ತರ ವಾಟ್ಸಾಪಿನಲ್ಲಿ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಅದೇ ಇಮೇಲ್ ಎಳೆಗೆ ಸೇರಿಸಿ. "ಪ್ರಕಟವಾದ ಮೇಲೆ" ಅಂತ ಬರೆದು ದಿನ ಬರೆಯದಿದ್ದರೆ ತಕರಾರು ಅಲ್ಲಿಂದಲೇ ಶುರು. ಒಪ್ಪಿಕೊಂಡ ಲೇಖನ ಒಂದು ವರ್ಷ ಡ್ರಾಯರಿನಲ್ಲಿ ಮಲಗಿದರೆ ಸಂಭಾವನೆಯೂ ಅದರ ಜತೆ ಮಲಗುತ್ತದೆ. ಮೂರು ತಿಂಗಳ ಸಾಲು ಹಾಕುವುದು ಅದಕ್ಕೇ.

[ತೆರೆಯ ಮೇಲೆ: ಬಿಲ್ಲು]

ನಿರೂಪಣೆ: ಸಂಚಿಕೆ ಬಂದ ದಿನವೇ ಬಿಲ್ಲು ಕಳಿಸಿ. ಗೌರವ ಪ್ರತಿಗಾಗಿ ಕಾಯಬೇಡಿ, ಅಂಚೆಯಲ್ಲಿ ಅದು ಎಷ್ಟೋ ಸಲ ಕಳೆದೇ ಹೋಗುತ್ತದೆ. ಮಂಗಳೂರಲ್ಲಿ ಗುರುತಿನವರು ಯಾರಾದರೂ ಇದ್ದರೆ ಪುಟದ ಫೋಟೋ ತರಿಸಿಕೊಳ್ಳಿ. ಬಿಲ್ಲಿಗೆ ಜಿಎಸ್‌ಟಿ ಬೇಕಿಲ್ಲ. "ನೀವು ಕೇರಳದವರು, ಬೇರೆ ರಾಜ್ಯ, ಜಿಎಸ್‌ಟಿ ನಂಬರ್ ಕೊಡಿ" ಅಂತ ಲೆಕ್ಕದವರು ಕೇಳಿದರೆ, ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದ ಸೇವೆಗೆ ಅಂತರರಾಜ್ಯ ಆದರೂ ನೋಂದಣಿ ಬೇಡ ಅಂತ 2017ರಲ್ಲೇ ವಿನಾಯಿತಿ ಬಂದಿದೆ ಅನ್ನಿ. ಟಿಡಿಎಸ್, ಅಂದರೆ ಪಾವತಿ ಮಾಡುವಾಗಲೇ ಹಿಡಿದುಕೊಳ್ಳುವ ತೆರಿಗೆ ಕೂಡ ಹಾಗೆಯೇ: ಒಂದೇ ಪತ್ರಿಕೆಯಿಂದ ವರ್ಷಕ್ಕೆ 50,000 ದಾಟಿದರೆ ಮಾತ್ರ ಕಡಿತ. 2025ರ ಏಪ್ರಿಲ್‌ಗೆ ಮೊದಲು ಆ ಮಿತಿ 30,000 ಇತ್ತು. ಸಣ್ಣ ಪತ್ರಿಕೆಗೆ ಬರೆದು ಯಾರೂ ಆ ಗೆರೆ ಮುಟ್ಟುವುದಿಲ್ಲ, ಬಿಡಿ.

[ತೆರೆಯ ಮೇಲೆ, ಬಿಲ್ಲಿನ ಚಿತ್ರ ನಿಧಾನವಾಗಿ ಕೆಳಗೆ ಸರಿಯುತ್ತದೆ]
ಬಿಲ್ ಸಂಖ್ಯೆ: 07/2025-26
ಲೇಖನ: ಬೇಸಿಗೆಯಲ್ಲಿ ನಮ್ಮ ಸುರಂಗಗಳು, ನವೆಂಬರ್ ಸಂಚಿಕೆ, ಪುಟ 42ರಿಂದ 45
ಅಚ್ಚಾದ ಹೆಸರು (ಕಾವ್ಯನಾಮ) / ಬ್ಯಾಂಕ್ ಖಾತೆಯಲ್ಲಿರುವ ಹೆಸರು
ಮೊತ್ತ: ರೂ. 1,500. ಪಾವತಿಯ ಕೊನೆಯ ದಿನ
ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಪಾನ್, ಉದ್ಯಮ್ ಸಂಖ್ಯೆ

ನಿರೂಪಣೆ: ಉದ್ಯಮ್ ಸಂಖ್ಯೆಯ ವಿಷಯ ಮುಂದೆ ಬರುತ್ತದೆ. ಮೂರನೇ ಸಾಲಿನಲ್ಲಿ ಎರಡು ಹೆಸರು ಯಾಕೆ? ಅಚ್ಚಾಗಿದ್ದು ಕಾವ್ಯನಾಮದಲ್ಲಿ, ಖಾತೆ ಇರುವುದು ಆಧಾರ್ ಹೆಸರಲ್ಲಿ. ಕಾವ್ಯನಾಮಕ್ಕೆ ಬರೆದ ಚೆಕ್ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ನೆಫ್ಟ್, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ವರ್ಗಾವಣೆ ಮಾಡುವಾಗ ಖಾತೆದಾರರ ಹೆಸರು ಮೊದಲೇ ತೋರಿಸುವ ವ್ಯವಸ್ಥೆ 2025ರ ಏಪ್ರಿಲ್‌ನಿಂದ ಬಂದಿದೆ. ತೆರೆಯ ಮೇಲೆ ಬೇರೆ ಹೆಸರು ಕಂಡರೆ ಲೆಕ್ಕದವರು ಪಾವತಿ ಅಲ್ಲೇ ನಿಲ್ಲಿಸುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಇನಿಷಿಯಲ್ ಮುಂದೆ, ಹಿಂದೆ ಆಗುವುದು, ಮನೆ ಹೆಸರು ಸೇರಿಕೊಳ್ಳುವುದು ನಮ್ಮ ಕಡೆ ಮಾಮೂಲು. ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಕೋಡಿನ ವಿಷಯ ಇನ್ನೂ ದೊಡ್ಡದು. ಕಾಸರಗೋಡಿನಲ್ಲಿ ಹಳೆ ಖಾತೆಗಳು ಬಹಳಷ್ಟು ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕಿನವು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು; 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಹಳೆ ಕೋಡುಗಳು 2021ರಲ್ಲಿ ನಿಂತವು. ಪತ್ರಿಕೆಯ ವಿಳಾಸ ಪುಸ್ತಕದಲ್ಲಿ ನಿಮ್ಮ ಹಳೆ ಕೋಡೇ ಕೂತಿದ್ದರೆ ಪಾವತಿ ಹೋಗುವುದೇ ಇಲ್ಲ, ಅಥವಾ ಹೋಗಿ ವಾಪಸಾಗುತ್ತದೆ. ಅವರ ಲೆಕ್ಕದಲ್ಲಿ ಮಾತ್ರ "ಕೊಟ್ಟಾಗಿದೆ". ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನ ಖಾತೆಯನ್ನೂ ಇದಕ್ಕೆ ಕೊಡಬೇಡಿ. ಹೆಚ್ಚಿನವಕ್ಕೆ ಸ್ವಂತ ಐಎಫ್‌ಎಸ್‌ಸಿ ಇರುವುದಿಲ್ಲ. ಪತ್ರಿಕೆಯವರು "ಕಳಿಸಿದ್ದೇವೆ" ಅಂದರೆ ಜಗಳ ಬೇಡ, ಯುಟಿಆರ್, ಅಂದರೆ ಆ ಪಾವತಿಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ ಕೇಳಿ. ಅದಿದ್ದರೆ ಹಣ ಎಲ್ಲಿ ನಿಂತಿದೆ ಅಂತ ಬ್ಯಾಂಕಿನವರೇ ಹುಡುಕಿ ಹೇಳುತ್ತಾರೆ. ಅದಿಲ್ಲ ಅಂದರೆ ಕಳಿಸಿಲ್ಲ ಅಂತ ಅರ್ಥ.

ಮಲಯಾಳದಿಂದ ಅನುವಾದ ಮಾಡುವವರಿಗೆ ಇನ್ನೊಂದು ಕೊಕ್ಕೆ: ಮೂಲ ಲೇಖಕರ ಅನುಮತಿ ಪತ್ರ. ಕತೆ ಅಚ್ಚಾದ ಮೇಲೆ "ಅನುಮತಿ ಇಲ್ಲ, ಹಾಗಾಗಿ ಪಾವತಿ ತಡ" ಅನ್ನುವ ನೆಪಕ್ಕೆ ಜಾಗ ಕೊಡದೆ ಆ ಪತ್ರವನ್ನು ಅನುವಾದದ ಜತೆಗೇ ಲಗತ್ತಿಸಿ. ಸಂಭಾವನೆಯಲ್ಲಿ ಮೂಲದವರಿಗೆ ಪಾಲು ಇದೆಯೋ ಇಲ್ಲವೋ, ಅದೂ ಅದರಲ್ಲೇ ಬರಲಿ.

[ತೆರೆಯ ಮೇಲೆ: ನೆನಪಿಸುವ ಕ್ರಮ]

ನಿರೂಪಣೆ: ಒಪ್ಪಿದ ದಿನ ದಾಟಿದ ಮರುದಿನ ಒಂದು ಸಾಲಿನ ಮೆಸೇಜ್, ಬಿಲ್ಲಿನ ಸಂಖ್ಯೆ ಸಮೇತ. ಅದಕ್ಕೆ ಹತ್ತು ದಿನ ಬಿಟ್ಟು ಫೋನ್. ಫೋನ್ ಇಟ್ಟ ಕೂಡಲೇ ಇಮೇಲ್: "ಇವತ್ತು ಮಾತಾಡಿದಂತೆ 20ನೇ ತಾರೀಕಿನೊಳಗೆ ಕಳಿಸುತ್ತೇನೆ ಅಂದಿದ್ದೀರಿ." ಈ ಇಮೇಲ್ ತಪ್ಪಿಸಬೇಡಿ, ಫೋನಿಗಿಂತ ಅದರ ಬೆಲೆ ಹೆಚ್ಚು. ಪುಟ ಕಟ್ಟುವ ವಾರದಲ್ಲಿ, ವಿಶೇಷಾಂಕದ ಗಡಿಬಿಡಿಯಲ್ಲಿ ಫೋನ್ ಮಾಡಿದರೆ ಬೈಗುಳ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಸಂಚಿಕೆ ಹೊರಬಿದ್ದ ಎರಡು ಮೂರು ದಿನ ಒಳ್ಳೆಯ ಹೊತ್ತು. ಬಳಗವೊಂದು ನಡೆಸುವ ಪತ್ರಿಕೆಯಾದರೆ ಸಂಪಾದಕರ ಕೈಯಲ್ಲಿ ಚೆಕ್ ಪುಸ್ತಕ ಇರುವುದಿಲ್ಲ, ಲೆಕ್ಕದವರ ಹೆಸರು ಕೇಳಿ ಅವರಿಗೇ ಬರೆಯಿರಿ.

ಯಾರಿಗೆ ಬರೆಯಬೇಕು ಅಂತ ಗೊತ್ತಿಲ್ಲದಿದ್ದರೆ ಪತ್ರಿಕೆಯ ಕೆಳಗಿನ ಮುದ್ರಕ, ಪ್ರಕಾಶಕ, ಸಂಪಾದಕ ಅನ್ನುವ ಸಾಲು ನೋಡಿ. ಹಳೆಯ ಮಾರ್ಚ್ ಸಂಚಿಕೆಗಳಲ್ಲಿ ನಮೂನೆ 4 ಅಂತ ಒಂದು ಚೌಕ ಸಿಗುತ್ತದೆ. ಮಾಲೀಕರ ಹೆಸರು, ವಿಳಾಸ ಎರಡೂ ಅಲ್ಲಿವೆ. ಎರಡು ತಿಂಗಳು ದಾಟಿದರೆ ಆ ವಿಳಾಸಕ್ಕೆ ಕಾಗದ ಹಾಕಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಗಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಹೇಳಿ, ರಸೀದಿ ಇಟ್ಟುಕೊಳ್ಳಿ. ಬಾಕಿ ತೀರುವವರೆಗೆ ಅದೇ ಪತ್ರಿಕೆಗೆ ಹೊಸ ಬರಹ ಮಾತ್ರ ಕಳಿಸಬೇಡಿ.

[ತೆರೆಯ ಮೇಲೆ: 45 ದಿನದ ಕಾಯ್ದೆ]

ನಿರೂಪಣೆ: 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಬರಹಗಾರರಿಗೂ ಉಪಯೋಗಕ್ಕೆ ಬರುತ್ತದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಬೇಕು. ಈ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪಾನ್ ಸಾಕು. ಚಟುವಟಿಕೆಯ ಪಟ್ಟಿಯಲ್ಲಿ 90ರಿಂದ ಶುರುವಾಗುವ ಸೃಜನಶೀಲ, ಕಲೆಗಳ ವಿಭಾಗ ಆರಿಸಿ. ದುಡ್ಡು ಕೇಳುವ ಖಾಸಗಿ ವೆಬ್‌ಸೈಟ್‌ಗಳಿಂದ ದೂರ ಇರಿ, ಸರ್ಕಾರದ ತಾಣದಲ್ಲೇ ಮಾಡಿ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ಪಾನ್‌ನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮೊದಲು ಅದನ್ನು ಸರಿಮಾಡಿ. ಲೇಖನ ಒಪ್ಪಿಸುವ ಮುಂಚೆಯೇ ನೋಂದಣಿ ಆಗಿರಲಿ. ಕೆಲಸ ಮುಗಿದ ಮೇಲೆ ನೋಂದಾಯಿಸಿದವರಿಗೆ ಹಳೆ ಬಾಕಿಗೆ ಇದರ ಲಾಭ ಸಿಗದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದಿನ ಒಪ್ಪಿದ್ದರೆ ಆ ದಿನದೊಳಗೆ, ಆದರೆ 45 ದಿನ ಮೀರದಂತೆ; ದಿನ ಒಪ್ಪಿಲ್ಲದಿದ್ದರೆ 15 ದಿನದೊಳಗೆ ಪಾವತಿ ಆಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ದರ 6% ಅಂತ ಇಟ್ಟುಕೊಂಡರೆ ವರ್ಷಕ್ಕೆ 18%. 1,500 ರೂಪಾಯಿ ಆರು ತಿಂಗಳು ತಡವಾದರೆ ಬಡ್ಡಿ ಸುಮಾರು 140 ರೂಪಾಯಿ. ಅಷ್ಟಕ್ಕಾಗಿ ಯಾರು ಹೋರಾಡುತ್ತಾರೆ? ನಿಜವಾದ ಬಿಸಿ ಬೇರೆ ಕಡೆ ಇದೆ. ಸಣ್ಣ ಉದ್ಯಮಕ್ಕೆ ಸಮಯಕ್ಕೆ ಕೊಡದ ಹಣವನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ ಅನ್ನುವ ಆದಾಯ ತೆರಿಗೆ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಕಂಪನಿಯಾಗಿ ನಡೆಯುವ ಪತ್ರಿಕೆಯ ಆಡಿಟರೇ ಕೇಳುತ್ತಾರೆ, ಇದು ಯಾಕೆ ಬಾಕಿ ಅಂತ. ಲಾಭವೇ ಇಲ್ಲದ, ಒಬ್ಬರೇ ನಡೆಸುವ ಪತ್ರಿಕೆಗೆ ಇದು ತಟ್ಟುವುದಿಲ್ಲ.

ಅದೂ ಸಾಗದಿದ್ದರೆ ಸಣ್ಣ ಉದ್ಯಮಗಳ ಬಾಕಿ ದೂರಿಗೆ ಇರುವ ಸರ್ಕಾರಿ ಪೋರ್ಟಲಿನಲ್ಲಿ ದೂರು. ಗಡಿನಾಡಿನವರಿಗೆ ಅನುಕೂಲ ಏನೆಂದರೆ, ದೂರು ನಡೆಯುವುದು ಇಂಥ ಬಾಕಿ ದೂರು ಕೇಳಲು ಬರಹಗಾರ ಇರುವ ರಾಜ್ಯದಲ್ಲಿರುವ ಮಂಡಳಿಯಲ್ಲಿ. ಪತ್ರಿಕೆ ಬೆಂಗಳೂರಿನದಾದರೂ ಕಾಸರಗೋಡಿನವರ ದೂರು ಕೇರಳದ ಮಂಡಳಿಗೇ ಹೋಗುತ್ತದೆ. 90 ದಿನದಲ್ಲಿ ತೀರ್ಮಾನ ಅಂತ ಕಾಯ್ದೆಯಲ್ಲಿದೆ, ನಡೆಯುವುದು ಅದಕ್ಕಿಂತ ನಿಧಾನ. ಒಂದು ಕವಿತೆಯ 300 ರೂಪಾಯಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಅಂಕಣ ಬರೆದು ವರ್ಷದ ಬಾಕಿ ಸೇರಿ 15,000, 20,000 ಆಗಿದ್ದರೆ ಖಂಡಿತ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿಗೂ ಹೋಗಬಹುದು, ಕೋರ್ಟು ಫೀ ಇಲ್ಲ. ಆದರೆ ಎದುರಿನವರು ಬರಬೇಕು, ಒಪ್ಪಬೇಕು. ಬೆಂಗಳೂರಿನ ಪ್ರಕಾಶಕರು ಕಾಸರಗೋಡಿನ ವಿದ್ಯಾನಗರಕ್ಕೆ ಬಂದು ಕೂರುವುದು ಕಷ್ಟ.

[ತೆರೆಯ ಮೇಲೆ: ಚೆಕ್ ಬಂದರೆ]

ನಿರೂಪಣೆ: ಚೆಕ್ಕಿನ ಆಯುಸ್ಸು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. ಬರೆದಿಟ್ಟು ತಡವಾಗಿ ಅಂಚೆಗೆ ಹಾಕುವವರು ಇದ್ದಾರೆ, ಆದ್ದರಿಂದ ಲಕೋಟೆ ಒಡೆದ ತಕ್ಷಣ ದಿನಾಂಕ ನೋಡಿ. ಹಣವಿಲ್ಲದೆ ವಾಪಸಾದರೆ, ಬ್ಯಾಂಕಿನ ಮೆಮೋ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಮೇಲೆ ಒಂದು ತಿಂಗಳೊಳಗೆ ದೂರು. 2015ರ ತಿದ್ದುಪಡಿಯ ಪ್ರಕಾರ ಕೇಸು ನಡೆಯುವುದು ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ. ನೋಟಿಸಿನಲ್ಲಿ ಆ ಕೋರ್ಟಿನ ಹೆಸರು ಕಂಡಾಗಲೇ ಎಷ್ಟೋ ಜನ ದುಡ್ಡು ಹಾಕುತ್ತಾರೆ.

ಕೊನೆಗೆ ಹಕ್ಕಿನ ಮಾತು. ಹವ್ಯಾಸಿ ಬರಹಗಾರ ಪತ್ರಿಕೆಯ ನೌಕರನಲ್ಲ, ಹಾಗಾಗಿ ಬರೆದು ಸಹಿ ಹಾಕಿ ಕೊಡದಿದ್ದರೆ ಕಾಪಿರೈಟ್ ನಿಮ್ಮದೇ. ಸಂಭಾವನೆ ಕೊಡದೆ ಲೇಖನವನ್ನು ವೆಬ್‌ಸೈಟಿಗೂ ಏರಿಸಿದ್ದರೆ ಬಿಲ್ಲಿಗೆ ಎರಡನೇ ಸಾಲು ಸೇರಿಸಿ, ಅಥವಾ ತೆಗೆಯಲು ಬರೆಯಿರಿ. ಬಾಕಿ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಅವಕಾಶ. ಆ ಗಡುವು ಮುಗಿಯುವ ಮೊದಲು ಅವರು ಬಾಕಿ ಒಪ್ಪಿ ಸಹಿ ಮಾಡಿದ ಕಾಗದ ಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ. ಆದ್ದರಿಂದ "ಸ್ವಲ್ಪ ಟೈಟು" ಅನ್ನುವವರ ಹತ್ತಿರ ಕೇಳಬೇಕಾದದ್ದು ಒಂದೇ: ಅದನ್ನೇ ಲೆಟರ್‌ಹೆಡ್ಡಿನಲ್ಲಿ, ಮೊತ್ತ ಮತ್ತು ತಾರೀಕು ಹಾಕಿ, ಸಹಿ ಮಾಡಿ ಕಳಿಸಿ.